ಮೊದಲು ಲೆನ್ಸು, ಆಮೇಲೆ ವಿಭೂತಿ

ಗದ್ದ ಪಟ್ಟಿಯ ಮೇಲೆ, ಹಣೆ ಮುಂದಕ್ಕೆ. ಎದುರಿನ ಯಂತ್ರದೊಳಗೆ ಒಂದರೊಳಗೊಂದು ಬೆಳಕಿನ ಉಂಗುರಗಳು. “ಕಣ್ಣು ಪಿಳಕಿಸಬ್ಯಾಡ್ರಿ... ಹಾಂ, ಆತು” ಎಂದು ಮೇಡಂ ಹೇಳುವಷ್ಟರಲ್ಲಿ ನಿಮ್ಮ ಬಲಗಣ್ಣಿನ ನಕ್ಷೆ ಪರದೆಗೆ ಬಂದಿರುತ್ತದೆ. ಅಂಚಿಗೆ ನೀಲಿ, ಒಳಗೆ ಹಸಿರು, ಪಾಪೆಯ ಕೆಳಗೆ ಎದ್ದು ಕಾಣುವ ಕೆಂಪು.

ಆ ಕೆಂಪೇ ರೋಗ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಕಾರ್ನಿಯಾ, ಅಲ್ಲಿ ತೆಳುವಾಗಿ ಮುಂದಕ್ಕೆ ಉಬ್ಬಿದೆ. ಹೆಸರು ಕೆರಾಟೋಕೋನಸ್.

“ಕಣ್ಣು ಭಾಳ ತಿಕ್ಕೋತೀರೇನ್ರಿ?”

“ಹೂಂನ್ರೀ ಅಕ್ಕಾರ. ಸಣ್ಣಾಂವ ಇದ್ದಾಗಿಂದ ಅಲರ್ಜಿ ಐತ್ರಿ, ತುರಸ್ತಾವು.”

“ಇನ್ನ ತಿಕ್ಕಂಗಿಲ್ಲ. ತಿಕ್ಕಿದಷ್ಟೂ ಕೆಡತೈತಿ.”

ಮಲಪ್ರಭೆಯ ದಂಡೆಯ ಶಿವಯೋಗ ಮಂದಿರದಿಂದ ಬಾದಾಮಿಗೆ ಬಂದು, ಅಲ್ಲಿಂದ ಹುಬ್ಬಳ್ಳಿ ಬಸ್ಸು ಹಿಡಿದು ಬಂದಿದ್ದೀರಿ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ ಮಂದಿರ. ಅಲ್ಲಿಯ ವಿಭೂತಿಗೆ ನಾಡೆಲ್ಲ ಹೆಸರು. ನಿಮ್ಮ ಹಣೆಯ ಮೇಲೂ ಬೆಳಗಿನ ಮೂರು ಪಟ್ಟೆ ಇನ್ನೂ ಇವೆ. ಚಷ್ಮಾ ಎಷ್ಟು ಸಲ ಬದಲಿಸಿದರೂ ಬಸ್ಸಿನ ಬೋರ್ಡು ಎರಡೆರಡಾಗಿಯೇ ಕಂಡಿತು. ಕಾಣದೆ ಏನು ಮಾಡೀತು? ಏರುಪೇರಾದ ಮೈಗೆ ಚಷ್ಮಾದ ನಂಬರು ಹೊಂದುವುದಿಲ್ಲ. ಅದರ ಮೇಲೆ ನಯವಾದ ಹೊಸ ಮೈಯೊಂದನ್ನು ಕೂಡಿಸಬೇಕು. ನಡುವಿನ ತಗ್ಗುಗಳನ್ನು ನಿಮ್ಮ ಕಣ್ಣೀರೇ ತುಂಬುತ್ತದೆ. ಗಟ್ಟಿ ಲೆನ್ಸಿನ ಕೆಲಸವೆಲ್ಲ ಇಷ್ಟೇ.

ಮೇಡಂ ಟ್ರಯಲ್ ಪೆಟ್ಟಿಗೆ ತೆರೆಯುತ್ತಾರೆ. ಸಾಧಾರಣ ಕಾರ್ನಿಯಾದ ಬಾಗಿನ ತ್ರಿಜ್ಯ 7.8 ಮಿಲಿಮೀಟರಿನ ಆಸುಪಾಸು. ಅಂಕಿ ಇಳಿದಷ್ಟೂ ಉಬ್ಬು ಹೆಚ್ಚು. ನಿಮಗೆ 6.8ರದ್ದನ್ನು ತೆಗೆದು ಹಾಕುತ್ತಾರೆ. ಕಣ್ಣಲ್ಲಿ ಉಸುಕು ಬಿದ್ದ ಹಾಗೆ, ನೀರು ದಳದಳ. “ಕೆಳಗ ನೋಡ್ರಿ, ಈಗ ಕಡಿಮಿ ಅಕ್ಕೈತಿ.” ನೀರು ನಿಂತ ಮೇಲೆ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯೊಂದನ್ನು ರೆಪ್ಪೆಯ ಒಳಗೆ ಮುಟ್ಟಿಸಿ, ನೀಲಿ ದೀಪ ಹಾಕುತ್ತಾರೆ. ಕಣ್ಣೀರು ಹಸಿರಾಗಿ ಹೊಳೆಯುತ್ತದೆ. ಲೆನ್ಸು ಕಾರ್ನಿಯಾಕ್ಕೆ ತಾಗಿದ ಕಡೆ ಕಪ್ಪು, ಕಣ್ಣೀರು ನಿಂತ ಕಡೆ ಹಸಿರು. ನಿಮ್ಮಲ್ಲಿ ಉಬ್ಬಿನ ತುದಿಯಲ್ಲಿ ಅಗಲವಾದ ಕಪ್ಪು. ಅಂದರೆ ಲೆನ್ಸು ಅಲ್ಲಿ ಜೋರಾಗಿ ಒತ್ತುತ್ತಿದೆ. ಹೀಗೇ ಬಿಟ್ಟರೆ ಗಾಯ. 6.7 ಹಾಕುತ್ತಾರೆ. ಈಗ ತುದಿಯಲ್ಲಿ ಹಗುರವಾದ ಸ್ಪರ್ಶ, ಅಂಚಿಗೆ ತೆಳ್ಳನೆಯ ಹಸಿರು ಉಂಗುರ, ಪಿಳಕಿಸಿದಾಗಲೆಲ್ಲ ಲೆನ್ಸು ಒಂದಿಷ್ಟು ಜಾರಿ ಮರಳುತ್ತದೆ. ಅದು ಜಾರಲೇಬೇಕು, ಅಡಿಯ ಕಣ್ಣೀರು ಬದಲಾಗಬೇಕಲ್ಲ. ಅದರ ಮೇಲೆಯೇ ನಂಬರು ನೋಡಿ ಚೀಟಿ ಬರೆಯುತ್ತಾರೆ: ಬಲಗಣ್ಣು, ಬೇಸ್ ಕರ್ವ್ 6.70, ಪವರ್ −7.00, ಅಗಲ 9.2.

ನೀವು ಊರಿನ ಬಸ್ಸು ಹತ್ತಿದರೂ ಮನಸ್ಸು ಚೀಟಿಯ ಬೆನ್ನು ಹತ್ತಿ ಲ್ಯಾಬಿಗೆ ಹೋಗಲಿ. ಕೋಣೆ ತಣ್ಣಗಿದೆ, ಬಿಸಿ ಏರಿಳಿದರೆ ಅಳತೆ ತಪ್ಪುತ್ತದೆ. ಕೆಲಸಗಾರನ ಬೆರಳಲ್ಲಿ ಒಂದು ಬಟನ್ನು. ಲ್ಯಾಬಿನವರು ಕರೆಯುವುದೇ ಹಾಗೆ: 12.7 ಮಿಲಿಮೀಟರ್ ಅಗಲದ ತಿಳಿನೀಲಿ ಪ್ಲಾಸ್ಟಿಕ್ ಬಿಲ್ಲೆ. ಕಾರ್ನಿಯಾದ ನಡುವೆ ರಕ್ತನಾಳಗಳಿಲ್ಲ; ಅದು ಗಾಳಿಯ ಆಮ್ಲಜನಕವನ್ನು ಕಣ್ಣೀರಿನ ಮೂಲಕ ಪಡೆಯುತ್ತದೆ. 1948ರಲ್ಲಿ ಕೆವಿನ್ ಟೂಹಿ ಕಾರ್ನಿಯಾದಷ್ಟಕ್ಕೇ ಕೂರುವ ಲೆನ್ಸನ್ನು ಅಕ್ರಿಲಿಕ್‌ನಲ್ಲಿ ಮಾಡಿದಾಗ ಆ ಪ್ಲಾಸ್ಟಿಕ್ ಉಸಿರು ಬಿಡುತ್ತಿರಲಿಲ್ಲ. ಈ ಬಟನ್ನಿನಲ್ಲಿ ಸಿಲಿಕಾನ್, ಫ್ಲೋರಿನ್ ಸೇರಿವೆ, ಆಮ್ಲಜನಕ ದಾಟುತ್ತದೆ.

ಬಟನ್ನು ಲೇತಿಗೆ ಏರುತ್ತದೆ. ವಜ್ರದ ಮೊನೆ ಮೊದಲು ಒಳಮೈ ಕೆತ್ತುತ್ತದೆ. ಎಳೆಎಳೆಯಾಗಿ ಹೊರಟ ಸಿಪ್ಪೆಯನ್ನು ಪಕ್ಕದ ಕೊಳವೆ ಸರ್ರನೆ ಎಳೆದುಕೊಳ್ಳುತ್ತದೆ. ಒಳಮೈ ಮುಗಿದ ಮೇಲೆ ಅದನ್ನು ಬಿಸಿ ಮೇಣದಿಂದ ಲೋಹದ ಗೂಟಕ್ಕೆ ಅಂಟಿಸುತ್ತಾರೆ. ಒಂದಿಷ್ಟು ವಾಲಿ ಕೂತರೂ ಮುಗಿಯಿತು, ಹೊರಮೈ ಒಳಮೈಗಳ ನಡು ಕೂಡುವುದಿಲ್ಲ. ಮೇಣ ಆರಿತೋ, ಹೊರಮೈಯ ಸರದಿ. ಪವರ್ ಬರುವುದು ಇಲ್ಲಿ. ಮಿಲಿಮೀಟರಿನ ಐದರಲ್ಲೊಂದು ಪಾಲಿಗಿಂತ ತೆಳುವಾದಾಗ ಯಂತ್ರ ನಿಲ್ಲುತ್ತದೆ. ಮೇಣ ಬಿಡಿಸಿ, ತೊಳೆದು, ಅಂಚು ತಿಕ್ಕುತ್ತಾರೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಕಸಬು ಬೇಡುವುದು ಈ ಅಂಚೇ. ಪವರ್ ತಪ್ಪಿದರೆ ಅಕ್ಷರ ಮಬ್ಬಾದೀತು. ಅಂಚು ತಪ್ಪಿದರೆ ರೆಪ್ಪೆ ಪಿಳಕಿಸಿದಾಗಲೆಲ್ಲ ಕೊಯ್ಯುತ್ತದೆ, ಲೆನ್ಸು ಪೆಟ್ಟಿಗೆ ಸೇರುತ್ತದೆ. ಭೂತಗನ್ನಡಿಯ ಕೆಳಗೆ ಸುತ್ತ ತಿರುಗಿಸಿ ನೋಡಿ, ಬಲಗಣ್ಣಿನದೆಂದು ಗುರುತಿಗೆ ಒಂದು ಚುಕ್ಕೆ ಇಡುತ್ತಾರೆ.

ಅಂಗಡಿಯಲ್ಲಿ ಸಿಗುವ ಮೆತ್ತನೆ ಲೆನ್ಸಿನ ಕತೆ ಬೇರೆ. ಪ್ರಾಗ್‌ನ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ 1961ರ ಕ್ರಿಸ್‌ಮಸ್ ಹೊತ್ತಿಗೆ, ಮಕ್ಕಳ ಮರ್ಕುರ್ ಆಟಿಕೆಯ ಲೋಹದ ಪಟ್ಟಿ, ಸೈಕಲ್ ಡೈನಮೋ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಕೂಡಿಸಿ ಮನೆಯಲ್ಲೇ ಯಂತ್ರ ಕಟ್ಟಿದ. ತಿರುಗುವ ಅಚ್ಚಿಗೆ ಹನಿ ದ್ರಾವಣ ಬಿಟ್ಟರೆ ಅದು ತಾನೇ ಅಂಚಿಗೆ ಹಬ್ಬಿ ಲೆನ್ಸಿನ ಆಕಾರಕ್ಕೆ ಗಟ್ಟಿಯಾಗುತ್ತದೆ. ಕುಂಬಾರನ ತಿಗರಿ ಇದ್ದಂತೆ, ಕುಂಬಾರನ ಕೈಯೊಂದಿಲ್ಲ. 1971ರಲ್ಲಿ ಬಾಶ್ ಅಂಡ್ ಲಾಂಬ್ ಈ ಮೆತ್ತನೆ ಲೆನ್ಸನ್ನು ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. ಆದರೆ ಮೆತ್ತನೆಯದು ಕಣ್ಣಿನ ಉಬ್ಬಿಗೆ ತಕ್ಕಂತೆ ತಾನೂ ಬಾಗಿಬಿಡುತ್ತದೆ. ನಿಮಗೆ ಅದು ಸಾಲದು.

ಲೆನ್ಸು ಕೊರಿಯರ್‌ನಲ್ಲಿ ಬಂದ ಸುದ್ದಿ ಕೇಳಿ ಮತ್ತೆ ಹುಬ್ಬಳ್ಳಿಗೆ ಬರುತ್ತೀರಿ. ಬೆರಳ ತುದಿಯಲ್ಲಿಟ್ಟು, ಮೇಲಿನ ರೆಪ್ಪೆ ಎತ್ತಿ ಹಿಡಿದು ನೀವೇ ಹಾಕಿಕೊಳ್ಳಬೇಕು. ಮೂಗಿನ ಮೇಲೆ ಬೀಳುತ್ತದೆ, ಟವೆಲ್ ಮೇಲೆ ಬೀಳುತ್ತದೆ, ಕೊನೆಗೆ ಕೂರುತ್ತದೆ. ಗೋಡೆಯ ಚಾರ್ಟಿನಲ್ಲಿ ಕೆಳಗಿನಿಂದ ಮೂರನೆಯ ಸಾಲು ಒಂದೊಂದೇ ಅಕ್ಷರವಾಗಿ ನಿಲ್ಲುತ್ತದೆ.

“ಮುಂಜಾನೆ ವಿಭೂತಿ ಹಚ್ಗೋತೀರಲ್ರಿ? ಸಾಬೂನ್ಲೆ ಕೈ ತೊಳಕೊಂಡು ಮೊದಲ ಲೆನ್ಸ್ ಹಾಕ್ಕೋರಿ, ಆಮೇಲೆ ವಿಭೂತಿ. ಬೂದಿ ಬೆರಳ ಲೆನ್ಸಿಗೆ ತಾಗಬಾರದು.”

“ಹೊಳ್ಯಾಗ ಜಳಕಾ ಮಾಡಬೋದೇನ್ರಿ?”

“ತಗದಿಟ್ಟು ಮಾಡ್ರಿ. ನಳದ ನೀರಾದ್ರೂ ಅಷ್ಟ, ಲೆನ್ಸ್ ತೊಳ್ಯಾಕ ಅದರ ದ್ರಾವಣ ಅಷ್ಟ. ನೀರಾಗಿನ ಅಮೀಬಾ ಲೆನ್ಸಿನ ಅಡಿ ಸೇರಿದ್ರ ಕಣ್ಣ ಹೊಕ್ಕೈತಿ.”

ನೀವು ತಲೆಯಾಡಿಸುತ್ತಿರುವಾಗಲೇ ಅವರು ಎಡಗಣ್ಣಿಗೆಂದು ಟ್ರಯಲ್ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, 7.1ರಿಂದ ಸುರು ಮಾಡೋಣ ಎನ್ನುತ್ತಾರೆ.