ಉಣಕಲ್ಲ ಕೆರೆಯೊಳಗಿನ ಮುಗಿಲು

ಹುಬ್ಬಳ್ಳಿಯ ವಿದ್ಯಾನಗರ ಅಂದಕೂಡಲೆ ಹೊರಗಿನವರಿಗೆ ನೆನಪಾಗುವುದು 1947ರಲ್ಲಿ ಶುರುವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, ದೊಡ್ಡ ದವಾಖಾನೆ, ಪುಸ್ತಕ ಹಿಡಿದು ಓಡಾಡುವ ಹುಡುಗರು. ಇಲ್ಲೇ ಸಂಸಾರ ಹೂಡಿದ ನಮ್ಮಂಥವರಿಗೆ ಇನ್ನೊಂದು ಆಸ್ತಿ ಇದೆ. ಧಾರವಾಡದ ದಾರಿ ಹಿಡಿದು ತುಸು ಮುಂದೆ ಹೋದರೆ ಉಣಕಲ್ಲ ಕೆರೆ. ಬಿ.ಆರ್.ಟಿ.ಎಸ್. ಬಸ್ಸು ಕೆರೆಯ ಹತ್ತಿರವೇ ಇಳಿಸುತ್ತದೆ. ಊರೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ. ಅದರ ಚೆಲುವು ಬರೆಯಲು ಇನ್ನೊಂದು ಲೇಖನವೇ ಬೇಕು.

ಕೆರೆಗೆ ಸಂಜೀಮುಂದ ಹೋಗಿ, ಸೂರ್ಯ ಮುಳುಗುವುದನ್ನು ನೋಡಿ, ಗಿರಮಿಟ್ಟು ತಿಂದು ಬರುವುದು ನಮ್ಮಲ್ಲಿ ರೂಢಿ. ಆದರೆ ನೀರಿನೊಳಗಿನ ನೆರಳಿನ ಚಿತ್ರ ಬೇಕೆಂದರೆ ಮುಂಜಾನೆಯೇ ಸರಿ. ಬೆಳಗಿನ ಹೊತ್ತು ಗಾಳಿ ಎದ್ದಿರುವುದಿಲ್ಲ, ನೀರು ತಾಟಿನಲ್ಲಿ ಹರಡಿದ ಎಣ್ಣೆಯಂತೆ ನಿಂತಿರುತ್ತದೆ. ಸೂರ್ಯ ನಮ್ಮ ಬೆನ್ನಿಗಿದ್ದು ಆಚೆ ದಂಡೆಯ ಗಿಡಮರಗಳ ಮೇಲೆ ಬಿಸಿಲು ಬಿದ್ದಿರುತ್ತದೆ. ನೆರಳು ಚೆನ್ನಾಗಿ ಮೂಡಬೇಕಾದರೆ ಎದುರಿನ ವಸ್ತುವಿಗೆ ಬೆಳಕು ಇರಬೇಕು, ನೀರಿಗಲ್ಲ. ಎಂಟು ಹೊಡೆದ ಮೇಲೆ ಸಣ್ಣ ತೆರೆ ಎದ್ದಿತೆಂದರೆ ಅವತ್ತಿನ ಆಟ ಮುಗಿಯಿತು.

ಅದೇ ಹೊತ್ತಿಗೆ ಮನೆಯಲ್ಲಿ ಚಹಾ, ಡಬ್ಬಿ, ನೀರು ಹಿಡಿಯುವುದು! ನನಗೂ ಗೊತ್ತು. ರವಿವಾರ ಒಂದಿನ ಉಪ್ಪಿಟ್ಟು ಯಜಮಾನರೇ ಮಾಡಲಿ ಬಿಡ್ರಿ, ಏನೂ ಆಗೂದಿಲ್ಲ. ಒಂದು ರೀಲಿಗೆ 36 ಚಿತ್ರ ಎಂದು ಎಣಿಸಿ ಕ್ಯಾಮೆರಾ ಮುಟ್ಟಲು ಹೆದರುವ ಕಾಲ ಹೋಯಿತು, ಈಗ ಕೈಯಲ್ಲೇ ಮೊಬೈಲಿದೆ. ಆದರೂ ನಮ್ಮ ಫೋನು ತೆಗೆದು ನೋಡಿದರೆ ಮಕ್ಕಳ ಹುಟ್ಟುಹಬ್ಬ, ನಾದಿನಿಯ ಸೀಮಂತ, ಯಾರದೋ ಮದುವೆಯ ಊಟದ ಪಂಕ್ತಿ. ತನಗೆ ಚೆಂದ ಕಂಡಿತು ಅಂತ ತೆಗೆದದ್ದು ಎಷ್ಟು?

ನೀರಿನ ಗುಣ ತಿಳಿಯಲು ಕೆರೆಗೇ ಹೋಗಬೇಕೆಂದಿಲ್ಲ. ಹಿತ್ತಲಲ್ಲಿ ಒಂದು ಪರಾತದ ತುಂಬ ನೀರು ಹಾಕಿ ಇಡಿ. ನಿಂತು ನೇರವಾಗಿ ಬಗ್ಗಿ ನೋಡಿದರೆ ಪರಾತದ ತಳವೇ ಕಾಣುತ್ತದೆ. ಪಕ್ಕದಲ್ಲಿ ಕೂತು, ಕಣ್ಣು ನೀರಿನ ಮಟ್ಟಕ್ಕೆ ತಂದು ನೋಡಿ, ತಳ ಮಾಯವಾಗಿ ತೆಂಗಿನಗರಿ, ಮುಗಿಲು ಬಂದು ಕೂತಿರುತ್ತವೆ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ 2 ಪಾಲನ್ನಷ್ಟೇ ನೀರು ಹಿಂದಕ್ಕೆ ಕಳಿಸುತ್ತದೆ. ನೀರಿನ ಮಟ್ಟದಿಂದ 10 ಡಿಗ್ರಿಯಷ್ಟೇ ಓರೆಯಾಗಿ ಬಂದ ಬೆಳಕಿನಲ್ಲಿ ಸುಮಾರು 35 ಪಾಲು ಹಿಂದಿರುಗುತ್ತದೆ. ಆದ್ದರಿಂದ ಚಿತ್ರ ತೆಗೆಯುವಾಗ ಕೂತುಕೊಳ್ಳಬೇಕು. ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಅದರ ಕಣ್ಣು ನೀರಿಗೆ ಇನ್ನೂ ಹತ್ತಿರವಾಗುತ್ತದೆ. ದಂಡೆಯ ಕಲ್ಲಿಗೆ ಪಾಚಿ ಇದ್ದರೆ ಅಲ್ಲಿ ಮಾತ್ರ ಬೇಡ, ಮಕ್ಕಳು ಜೊತೆಗಿದ್ದರಂತೂ ಅತ್ತ ಹೋಗಲೇಬಾರದು.

ಪರದೆಯ ಮೇಲೆ ಬೆರಳು ಇಡುವುದು ನೀರಿನ ಮೇಲೆ ತೇಲುವ ಎಲೆಗಲ್ಲ, ಒಳಗೆ ಕಾಣುವ ಮರಕ್ಕೆ. ಎಲೆ ಹತ್ತಿರದ್ದು, ಆದರೆ ಆ ಮರದ ಬೆಳಕು ಆಚೆ ದಂಡೆಯಿಂದ ಬಂದದ್ದು, ಅಷ್ಟೇ ದೂರಕ್ಕೆ ಹೊಂದಿಸಬೇಕು. ನೀರೊಳಗಿನ ಮುಗಿಲು ಮೇಲಿನದಕ್ಕಿಂತ ಯಾವಾಗಲೂ ಒಂದಿಷ್ಟು ಕಪ್ಪೇ. ಎರಡೂ ಒಂದೇ ಸಮ ಬೆಳಗಬೇಕೆಂದು ಹಟ ಹಿಡಿದರೆ ಮೇಲಿನದು ಸುಣ್ಣ ಬಳಿದ ಗೋಡೆಯಂತಾಗುತ್ತದೆ. ದೊಡ್ಡ ಕ್ಯಾಮೆರಾ ಇದ್ದವರು ಪೋಲರೈಸರ್ ಗಾಜನ್ನು ಬಿಚ್ಚಿಡಿ, ಅದು ಇರುವುದೇ ನೀರಿನ ಹೊಳಪು ಅಳಿಸಲಿಕ್ಕೆ.

ಒಂದು ಸೋಜಿಗ ಹೇಳುತ್ತೇನೆ. ಕೆರೆಯ ನಡುವೆ ವಿವೇಕಾನಂದರ ಮೂರ್ತಿ ಇದೆಯಲ್ಲ, ನೀರಿನಲ್ಲಿ ಕಾಣುವ ರೂಪ ಅದರ ಪಡಿಯಚ್ಚಲ್ಲ. ನಮ್ಮ ಕಣ್ಣು ನೀರಿನ ಮೇಲೆ ಎಷ್ಟು ಎತ್ತರವಿದೆಯೋ ಅಷ್ಟೇ ಕೆಳಗೆ ಇಳಿದು ನೋಡಿದರೆ ಹೇಗೆ ಕಂಡೀತೋ ಹಾಗೆ ಅದು ಕಾಣುತ್ತದೆ. ದಂಡೆಯ ಮರದ ಎಲೆಗಳ ಅಡಿಮೈ ಮೇಲೆ ಕಾಣದೆ ನೀರಿನಲ್ಲಿ ಕಾಣುವುದೂ ಇದಕ್ಕೇ.

ಇಷ್ಟೆಲ್ಲ ನೀರು ತೆರೆದಿದ್ದರೆ ಮಾತ್ರ. ಜನ ಅಂತರಗಂಗೆ ಎಂದು ಕರೆಯುವ, ತಿಳಿನೇರಳೆ ಹೂವಿನ ಆ ಜಲಕಳೆ ಹಬ್ಬಿತೆಂದರೆ ಕನ್ನಡಿಗೆ ಕಂಬಳಿ ಹೊದಿಸಿದಂತೆ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡಕ್ಕೆ ಊರಿನ ಗಟಾರದ ನೀರೇ ಗೊಬ್ಬರ. ಹದ ಸಿಕ್ಕರೆ ಹದಿನೈದು ದಿನದೊಳಗೇ ಇಮ್ಮಡಿಯಾಗುತ್ತದೆ. ಉಣಕಲ್ಲಿಗೂ ಈ ಕಾಟ ತಪ್ಪಿಲ್ಲ. ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಚಿತ್ರ ತೆಗೆದಿಟ್ಟರೆ ಹಸಿರು ಎಲ್ಲಿಂದ ಎಲ್ಲಿಗೆ ಬಂತೆಂದು ಬೆರಳಿಟ್ಟು ತೋರಿಸಬಹುದು. ಓಣಿಯ ನಾಲ್ಕು ಹೆಂಗಸರು ಸೇರಿ ಅರ್ಜಿ ಕೊಡುವಾಗ ಆ ಚಿತ್ರಗಳನ್ನೂ ಲಗತ್ತಿಸಿ. "ಕೆರಿ ಭಾಳ ಹೊಲಸಾಗೇತ್ರಿ" ಎಂದು ಬಾಯಲ್ಲಿ ಹೇಳಿದ್ದಕ್ಕಿಂತ ಅದಕ್ಕೆ ತೂಕ ಹೆಚ್ಚು.

ಕೈ ಪಳಗಿದ ಮೇಲೆ ಬಾದಾಮಿಗೆ ಹೋಗಬಹುದು. ಹುಬ್ಬಳ್ಳಿಯಿಂದ ಗದಗಿನ ಮೇಲೆ ರೈಲಿದೆ, ಸ್ಟೇಷನ್ನಿನಿಂದ ಊರು ಸುಮಾರು 5 ಕಿಲೋಮೀಟರ್. ಅಗಸ್ತ್ಯತೀರ್ಥದ ಎರಡು ಬದಿಗೂ ಕೆಂಪು ಬಂಡೆಯ ಗುಡ್ಡ ಇರುವುದರಿಂದ ಗಾಳಿಯ ಹೊಡೆತ ಕಡಿಮೆ. ಭೂತನಾಥ ಗುಡಿ ಹೊಂಡದ ಮೂಡಣ ತುದಿಯಲ್ಲಿದೆ, ಆದ್ದರಿಂದ ಅಲ್ಲಿ ಲೆಕ್ಕ ಉಲ್ಟಾ: ಸಂಜೆಯ ಬಿಸಿಲು ಬಿದ್ದಾಗಲೇ ಗುಡಿಯೂ ಅದರ ನೆರಳೂ ಕೆಂಪಾಗುವುದು. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ, ಮಧ್ಯಾಹ್ನ ಗುಹೆಗಳನ್ನು ನೋಡಿ, ನಾಲ್ಕರ ಸುಮಾರಿಗೆ ಹೊಂಡದ ದಂಡೆಗೆ ಬಂದು ಕೂತರೆ ಆಯಿತು. ಬುತ್ತಿಯ ಗಂಟು ಮಾತ್ರ ಬಿಚ್ಚಿಡಬೇಡಿ, ಅಲ್ಲಿ ಮಂಗಗಳ ಕಾಟ ಬಹಳ.