ಬಾಡಿಗೆ ಮನೆಯ ತಂಪು

ರಟ್ಟರ ಕಾಲದ ಶಾಸನಗಳಲ್ಲಿ ವೇಣುಗ್ರಾಮವೆಂಬ ಹೆಸರಿನಿಂದ ಕಾಣಿಸಿಕೊಳ್ಳುವ ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನ ಹಗಲು 36 ಡಿಗ್ರಿ ಮುಟ್ಟಿದರೂ ರಾತ್ರಿ 20ರ ಆಸುಪಾಸಿಗೆ ಇಳಿಯುವುದು ಈ ಊರಿನ ಭಾಗ್ಯ. ಇಂಥ ಊರಿನಲ್ಲಿಯೂ ಎ.ಸಿ. ಏಕೆ ಬೇಕಾಯಿತು ಎಂಬ ಪ್ರಶ್ನೆ ಟಿಳಕವಾಡಿಯ ಬಾಡಿಗೆ ಮನೆಯೊಂದರಲ್ಲಿ ವಾಸವಾಗಿದ್ದ ಹಳಗನ್ನಡದ ಅಧ್ಯಾಪಕರೊಬ್ಬರಿಗೆ ಎದುರಾಯಿತು.

ಮನೆ ಮೇಲಂತಸ್ತಿನದು. ಹಗಲೆಲ್ಲ ಬಿಸಿಲುಂಡ ಸಿಮೆಂಟಿನ ಛಾವಣಿ ರಾತ್ರಿ ಹನ್ನೊಂದರವರೆಗೂ ಆ ಕಾವನ್ನು ಒಳಗೆ ಸುರಿಯುತ್ತಿತ್ತು. ಪಡುವಣದ ಕಿಟಕಿಯಲ್ಲಿ ಮಾಲೀಕರು ಎಂದೋ ಕೂರಿಸಿದ ಒಂದೂವರೆ ಟನ್ನಿನ ಹಳೆಯ ಎ.ಸಿ. ಇತ್ತು. ಖಾನಾಪುರ ತಾಲ್ಲೂಕಿನ ಹಳ್ಳಿಯಿಂದ ವೃದ್ಧ ತಾಯಿ ಚಿಕಿತ್ಸೆಗೆಂದು ಬಂದು ಉಳಿದ ಬೇಸಗೆಯಲ್ಲಿ ಅದನ್ನು ಹಗಲಿರುಳು ಓಡಿಸುವುದು ಅನಿವಾರ್ಯವಾಯಿತು.

ಅಂಥ ಯಂತ್ರದ ಕಂಪ್ರೆಸರ್ ಓಡುವ ಪ್ರತಿ ಗಂಟೆಗೆ ಸುಮಾರು ಒಂದೂವರೆ ಯುನಿಟ್ ವಿದ್ಯುತ್ತು ಬೇಕು. ದಿನಕ್ಕೆ 6 ಗಂಟೆಯೆಂದರೂ ತಿಂಗಳಿಗೆ 270 ಯುನಿಟ್. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ಆದರೆ ತಿಂಗಳ ಬಳಕೆ 200 ಯುನಿಟ್ ದಾಟಿತೆಂದರೆ ಪೂರ್ಣ ಬಿಲ್ಲನ್ನು ಕಟ್ಟಬೇಕು. ಆ ಗಡಿಯನ್ನು ದಾಟಿಸಲು ಈ ಒಂದು ಪೆಟ್ಟಿಗೆಯೇ ಸಾಕಾಗಿತ್ತು.

ಬಿಲ್ಲು ಬಂದ ವಾರದಲ್ಲಿಯೇ ಒಂದು ಮಧ್ಯಾಹ್ನ ಅಧ್ಯಾಪಕರು ಕಾಲೇಜಿನಿಂದ ಬೇಗ ಮರಳಿದಾಗ ಎ.ಸಿ. ಬಂದಾಗಿತ್ತು. ಮುಚ್ಚಿದ ಕೋಣೆಯಲ್ಲಿ ತಾಯಿ ಬೆವರಿ, ತಲೆಸುತ್ತು ಬಂದು ಗೋಡೆಗೊರಗಿದ್ದರು. ನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಕೇಳಿದಾಗ ತಾಯಿ ಹೇಳಿದ್ದು ಇಷ್ಟೇ: "ನಾ ಒಬ್ಬಾಕಿ ಇದ್ದಾಗ ಅದು ಯಾಕ ಬೇಕೋ ತಮ್ಮಾ? ಆ ಬಿಲ್ ನಾನೂ ನೋಡೇನಿ."

"ಅವ್ವಾ, ಬಿಲ್ಲಿಂದು ನಾ ನೋಡ್ಕೋತೀನಿ. ನೀ ಬಂದ್ ಮಾಡಬ್ಯಾಡ" ಎಂದರು ಮಗ. ಆದರೆ ಮಾತಿನಿಂದ ಆಕೆಯ ಕೈ ನಿಲ್ಲದೆಂಬುದು ಅವರಿಗೆ ಗೊತ್ತಿತ್ತು. ಉಳಿತಾಯವು ಮುಪ್ಪಿನ ದೇಹದ ಮೇಲೆ ಬೀಳಬಾರದು. ಹಾಗಾದರೆ ಯಂತ್ರದ ಹೊರೆಯನ್ನೇ ಇಳಿಸಬೇಕು.

ಮಾಲೀಕರು ಹೊಸ ಯಂತ್ರ ತರಲು ಒಪ್ಪಲಿಲ್ಲ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಯಂತ್ರ ಒಬ್ಬರದು, ಬಿಲ್ಲು ಇನ್ನೊಬ್ಬರದು: ಕೊಳ್ಳುವವರಿಗೆ ಉಳಿತಾಯದ ಫಲವಿಲ್ಲ, ಫಲ ಪಡೆಯುವವರಿಗೆ ಬದಲಿಸುವ ಅಧಿಕಾರವಿಲ್ಲ. ಬಾಡಿಗೆ ಮನೆಗಳಲ್ಲಿ ಹಳೆಯ ಯಂತ್ರಗಳು ಬಹುಕಾಲ ಬಾಳುವುದಕ್ಕೆ ಇದೇ ಕಾರಣ. ಗೋಡೆಗೆ ಮೊಳೆ ಹೊಡೆಯುವಂತೆಯೂ ಇರಲಿಲ್ಲ.

ಕೋಟೆಯೊಳಗಿನ ಕಮಲ ಬಸದಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದ ದಿನ ಅವರಿಗೆ ದಾರಿ ಹೊಳೆಯಿತು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಆ ಬಸದಿಯಲ್ಲಿ ನಡುಹಗಲಿನಲ್ಲಿಯೂ ತಂಪಿತ್ತು. ದಪ್ಪ ಕಲ್ಲು ಬಿಸಿಲನ್ನು ತಡವಾಗಿ ಒಳಗೆ ಬಿಡುತ್ತದೆ. ಮಂಟಪದ ನೆರಳು ಅದನ್ನು ಹೊರಗೆಯೇ ತಡೆಯುತ್ತದೆ. ತಾಯಿಯ ಹಳ್ಳಿಮನೆಯ ಖಾನಾಪುರದ ಹಂಚಿನ ಮಾಡಿನಲ್ಲಿ, ಕಾದ ಗಾಳಿಯು ಹಂಚಿನ ಸಂದುಗಳಿಂದ ತಾನಾಗಿಯೇ ಹೊರಬೀಳುತ್ತಿತ್ತು. ಒಳಹೊಕ್ಕ ಬಿಸಿಯನ್ನು ಹೊರದೂಡುವುದಕ್ಕಿಂತ ಅದನ್ನು ಒಳಬಿಡದಿರುವುದು ಸುಲಭ.

ಮೊದಲು ಎ.ಸಿ.ಯ ಮುಂಭಾಗ ಬಿಚ್ಚಿ ಜಾಳಿಗೆಯನ್ನು ತೊಳೆದರು. ಧೂಳು ಕಂಬಳಿಯಂತೆ ಕವಿದಿತ್ತು. ಹೊರಗಾಳಿ ಎಳೆಯುವ ಸಣ್ಣ ಸನ್ನೆ ತೆರೆದೇ ಇತ್ತು, ಅದನ್ನು ಮುಚ್ಚಿದರು. ಯಂತ್ರಕ್ಕೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟಿದ್ದ ಸಂದಿಗೆ ಸ್ಪಂಜಿನ ಪಟ್ಟಿ ತುರುಕಿದರು. ಗೋಡೆಯ ಮೇಲಿನ ಗವಾಕ್ಷಿಗೆ ಹಗಲು ರಟ್ಟು, ಬಾಗಿಲಿಗೆ ತಾಯಿಯ ಹಳೆಯ ಕೌದಿ. ಪಡುವಣದ ಇನ್ನೊಂದು ಕಿಟಕಿಯ ಸರಳುಗಳಿಗೆ ಹೊರಗಿನಿಂದ ಬಿದಿರಿನ ಪರದೆ ಕಟ್ಟಿದರು. ಎ.ಸಿ.ಯ ಬೆನ್ನಿಗೆ ಮಾತ್ರ ಪರದೆ ತಾಗಿಸಲಿಲ್ಲ. ಕಾವನ್ನು ಹೊರಚೆಲ್ಲಲು ಅದಕ್ಕೆ ಗಾಳಿ ಬೇಕು. ಬಿದಿರಿನಿಂದ ಹೆಸರು ಪಡೆದ ಊರಿನಲ್ಲಿ ಬಿದಿರೇ ನೆರವಾಯಿತು.

2020ರ ಜನವರಿಯಿಂದ ಸ್ಟಾರ್ ಗುರುತಿನ ಹೊಸ ಎ.ಸಿ.ಗಳು 24 ಡಿಗ್ರಿಯಲ್ಲಿಯೇ ಆರಂಭವಾಗಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ 6ರಷ್ಟು ವಿದ್ಯುತ್ತು ಉಳಿಯುವುದೆಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಹೇಳುತ್ತದೆ. ಈ ಹಳೆಯ ಯಂತ್ರಕ್ಕೆ ಡಿಗ್ರಿಯಿಲ್ಲ, ತಿರುಪು ಮಾತ್ರ. ಉಷ್ಣಮಾಪಕ ತೂಗುಹಾಕಿ, ಕೋಣೆ 27ರಲ್ಲಿ ನಿಲ್ಲುವಂತೆ ತಿರುಪನ್ನು ಇಳಿಸಿ, ಜೊತೆಗೆ ಫ್ಯಾನು ಹಾಕಿದರು. 75 ವ್ಯಾಟಿನ ಫ್ಯಾನು ಒಂದು ಯುನಿಟ್ಟಿನಲ್ಲಿ 13 ಗಂಟೆ ತಿರುಗುತ್ತದೆ. ಹನ್ನೊಂದರ ನಂತರ ಎ.ಸಿ. ಬಂದು, ಸೊಳ್ಳೆಪರದೆ ಕಟ್ಟಿ ಕಿಟಕಿಗಳನ್ನು ತೆರೆದರೆ ಸಹ್ಯಾದ್ರಿಯ ಕಡೆಯ ಗಾಳಿಯೇ ಸಾಕು.

ಕೊನೆಗೆ ಮಾಲೀಕರೂ ಒಂದಕ್ಕೆ ಸಮ್ಮತಿಸಿದರು: ಛಾವಣಿಗೆ ಸುಣ್ಣ. ಸುಣ್ಣ ಅವರದು, ಕೂಲಿ ಬಾಡಿಗೆದಾರರದು. ಬಿಳುಪು ಬಿಸಿಲನ್ನು ಹಿಂದಿರುಗಿಸಿತು.

ಮೇ ತಿಂಗಳ ಬಳಕೆ ಇನ್ನೂರರ ಗಡಿ ದಾಟಲಿಲ್ಲ. ಅದರಲ್ಲಿ ಅಡ್ಡಮಳೆಗಳ ಪಾಲೂ ಇತ್ತೆಂಬುದನ್ನು ಒಪ್ಪಬೇಕು. ಅಧ್ಯಾಪಕರಿಗೆ ಆ ಅಂಕಿಗಿಂತ ಇನ್ನೊಂದು ಸಂಗತಿ ದೊಡ್ಡದೆನಿಸಿತು. ಬಿಲ್ಲನ್ನು ಅವ್ವನ ಕೈಗೆ ಕೊಟ್ಟು ಓದಿಸಿದ ಮೇಲೆ ಆಕೆ ಮಧ್ಯಾಹ್ನದ ಹೊತ್ತು ಆ ಗುಂಡಿಯನ್ನು ಮುಟ್ಟಲಿಲ್ಲ. ಕೌದಿಯ ಈಚೆಗೆ, ತಂಪಿನಲ್ಲಿ, ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದರು.