ಸೀಮೆಸುಣ್ಣ ಯಾರ ಕೈಲಿದೆ?

ಅಮೆರಿಕನ್ ಫುಟ್‌ಬಾಲ್ ಅಂದ್ರೆ ಹೆಲ್ಮೆಟ್ ಹಾಕ್ಕೊಂಡು ಡಿಕ್ಕಿ ಹೊಡೆಯೋ ಆಟ ಅಂತಲೇ ನಮ್ಮ ಕಡೆ ಮಾತು. ದೂರದಿಂದ ನೋಡಿದವರಿಗೆ ಅಷ್ಟೇ ಕಾಣೋದು. ಆದರೆ ಆ ಆಟದೊಳಗೆ ಒಂದು ಪಾಠಶಾಲೆ ಇದೆ. ಅದರ ಹೆಸರು ಪಾಸ್ ಕವರೇಜ್. ಇವತ್ತು ಅದರ ಬಗ್ಗೆ ಬರೀತಿದ್ದೀನಿ, ಯಾಕಂದ್ರೆ ದುಡಿಯೋ ಮೈ ಯಾರದು, ಯೋಚಿಸೋ ತಲೆ ಯಾರದು ಅನ್ನೋ ನಮ್ಮ ಹಳೇ ಪ್ರಶ್ನೆ ಅಲ್ಲೂ ಇದೆ.

ಮೊದಲು ಆಟ ಹೇಳ್ತೀನಿ. ಎರಡೂ ಕಡೆ 11 ಜನ. ಚೆಂಡು ಹಿಡಿದ ಕ್ವಾರ್ಟರ್‌ಬ್ಯಾಕ್, ಮುಂದೆ ಓಡೋ ತನ್ನವರಿಗೆ ಅದನ್ನ ಎಸೀತಾನೆ. ತಡೆಯೋ ತಂಡದಿಂದ ಸಾಮಾನ್ಯವಾಗಿ ನಾಲ್ಕು ಜನ ಅವನ ಮೇಲೆ ನುಗ್ತಾರೆ. ಉಳಿದ ಏಳು ಜನ ಹಿಂದಿನ ಬಯಲು ಕಾಯಬೇಕು. ಈ ಏಳು ಜನ ಕಾವಲನ್ನ ಹೇಗೆ ಹಂಚಿಕೊಳ್ತಾರೋ ಅದೇ ಕವರೇಜ್. ಒಬ್ಬೊಬ್ಬ ಒಬ್ಬೊಬ್ಬನನ್ನ ಹಿಡಿದ್ರೆ ಮ್ಯಾನ್. ಒಬ್ಬೊಬ್ಬ ಒಂದೊಂದು ಜಾಗ ಕಾದ್ರೆ ಝೋನ್. ಕವರ್ 2, ಕವರ್ 3 ಅಂತಾರಲ್ಲ, ಆ ಸಂಖ್ಯೆ ಹೇಳೋದು ತೀರಾ ಹಿಂದಿನ ಆಳವನ್ನ ಎಷ್ಟು ಜನ ಕಾಯ್ತಿದ್ದಾರೆ ಅಂತ.

ಇದನ್ನ ನನಗೆ ಹೇಳಿಕೊಟ್ಟವನು ನಾನು ಅಲ್ಲಿ ಓದುವಾಗ ಸಿಕ್ಕ ಒಬ್ಬ ಕಪ್ಪು ಗೆಳೆಯ. ಕ್ಯಾಂಟೀನ್ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಸಾಸ್ ಪೊಟ್ಟಣ ಜೋಡಿಸಿ ತೋರಿಸ್ತಿದ್ದ. "ಮೂರು ಜನ ಆಳ ಕಾಯ್ತಿದ್ದಾರೆ. ಎದುರಿನವರು ನಾಲ್ಕು ಜನರನ್ನ ನೇರ ಓಡಿಸಿದ್ರೆ? ಲೆಕ್ಕ ಹಾಕು" ಅಂತಿದ್ದ. ಲೆಕ್ಕ ಸುಲಭ, ಒಬ್ಬ ತಪ್ಪಿಸಿಕೊಳ್ತಾನೆ.

ಈ ಲೆಕ್ಕಕ್ಕೆ ಉತ್ತರ ಹುಡುಕಿದವರಲ್ಲಿ ದೊಡ್ಡ ಹೆಸರು ನಿಕ್ ಸೇಬನ್. 1990ರ ದಶಕದ ಶುರುವಲ್ಲಿ ಕ್ಲೀವ್‌ಲ್ಯಾಂಡ್ ತಂಡದಲ್ಲಿ ಬಿಲ್ ಬೆಲಿಚಿಕ್ ಜೊತೆ ಇದ್ದಾಗ ಬೆಳೆಸಿದ ವಿದ್ಯೆಯನ್ನ ಆಮೇಲೆ ಕಾಲೇಜು ಆಟಕ್ಕೆ ತಂದರು. ಅದಕ್ಕೆ ಪ್ಯಾಟರ್ನ್ ಮ್ಯಾಚಿಂಗ್ ಅಂತಾರೆ. ಆಟ ಶುರುವಾಗೋವಾಗ ಅದು ಝೋನ್; ಎದುರಿನವರು ಓಡೋ ದಾರಿ ನೋಡಿಕೊಂಡು ಮ್ಯಾನ್ ಆಗುತ್ತೆ. ನಿನ್ನ ಎದುರಿನವನು ನೇರ ಆಳಕ್ಕೆ ಓಡಿದ್ರೆ ನೆರಳಿನ ಹಾಗೆ ಜೊತೆಗೆ ಹೋಗು. ಅವನು ಬೇಗ ಒಳಕ್ಕೆ ತಿರುಗಿದ್ರೆ ಒಳಗಿನವನಿಗೆ ಒಪ್ಪಿಸಿ ನೀನು ಆಳ ಕಾಯಿ. ಇಂಥ ಹತ್ತಾರು 'ಹೀಗಾದ್ರೆ ಹಾಗೆ'ಗಳು. ಏಳೂ ಜನ ಒಂದೇ ದೃಶ್ಯವನ್ನ ಒಂದೇ ರೀತಿ ಓದಬೇಕು, ಅದೂ ಎರಡು ಮೂರು ಸೆಕೆಂಡಲ್ಲಿ. ಒಬ್ಬ ಬೇರೆ ಓದಿದ್ರೆ ಮುಗೀತು.

ಅಂದ್ರೆ ಕೋಚ್ ಕೆಲಸ ಕಿರುಚೋದಲ್ಲ, ಕಲಿಸೋದು. ಬೋರ್ಡ್ ಮೇಲೆ ಬರೆದು, ಹಳೇ ಆಟದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ತೋರಿಸಿ, ಇಲ್ಲಿ ನೀನೇನು ನೋಡಿದೆ, ಯಾಕೆ ಹಾಗೆ ಓಡಿದೆ ಅಂತ ಪ್ರತಿಯೊಬ್ಬನನ್ನೂ ಕೇಳೋದು. ತಲೆ ಇಲ್ಲದವನಿಗೆ ಇಲ್ಲಿ ಜಾಗವೇ ಇಲ್ಲ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಸತ್ಯ ಇಟ್ಟು ನೋಡಿ.

1970ರಲ್ಲಿ ಜಾನ್ ಲಾಯ್ ಮತ್ತು ಜೋಸೆಫ್ ಮೆಕೆಲ್ವೋಗ್ ಅನ್ನೋ ಸಮಾಜಶಾಸ್ತ್ರಜ್ಞರು ಅಲ್ಲಿನ ವೃತ್ತಿಪರ ತಂಡಗಳಲ್ಲಿ ಯಾರು ಯಾವ ಜಾಗದಲ್ಲಿ ಆಡ್ತಾರೆ ಅಂತ ಎಣಿಸಿದ್ರು. ಕ್ವಾರ್ಟರ್‌ಬ್ಯಾಕ್, ಸೆಂಟರ್, ಲೈನ್‌ಬ್ಯಾಕರ್ ಥರದ ನಡುವಿನ ಜಾಗಗಳಲ್ಲಿ ಹೆಚ್ಚಾಗಿ ಬಿಳಿಯರು. ಅಂಚಲ್ಲಿ ನಿಂತು ಓಡೋ ಜಾಗಗಳಲ್ಲಿ ಕಪ್ಪು ಜನ. ಇದಕ್ಕೆ ಸ್ಟ್ಯಾಕಿಂಗ್ ಅಂತ ಹೆಸರು ಬಂತು. ಹಿಂದೆ ಇದ್ದ ನಂಬಿಕೆ ಏನು ಗೊತ್ತಾ? ಅವರಿಗೆ ಹುಟ್ಟಿನಿಂದಲೇ ವೇಗ ಬಂದಿರುತ್ತೆ, ಯೋಚನೆ ನಾವು ಮಾಡ್ತೀವಿ. ಎಲ್ಲೋ ಕೇಳಿದ ಹಾಗಿದೆಯಲ್ವಾ?

ಟೋನಿ ಡಂಜಿ ಕಥೆ ಕೇಳಿ. ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್, ಕಪ್ಪು ಹುಡುಗ. 1977ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಒಬ್ಬರೂ ಅವನನ್ನ ಆರಿಸಲಿಲ್ಲ. ಆಮೇಲೆ ಪಿಟ್ಸ್‌ಬರ್ಗ್ ತಂಡ ಸೇರಿಸಿಕೊಂಡಿತು, ಆದ್ರೆ ನಿಲ್ಲಿಸಿದ್ದು ಹಿಂದೆ, ಸೇಫ್ಟಿ ಜಾಗದಲ್ಲಿ. ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಎಲ್ಲಿ ಹೋಗುತ್ತೆ ಅಂತ ಬಲ್ಲವನು ಕಾವಲಿಗೆ ನಿಂತ. 1980ರಲ್ಲಿ ತನ್ನದೇ ಕಾಲೇಜಿಗೆ ಹಿಂದಿರುಗಿ ಹುಡುಗರಿಗೆ ಕವರೇಜ್ ಕಲಿಸಿದ. ಪಿಟ್ಸ್‌ಬರ್ಗ್‌ನಲ್ಲಿ ಕಲಿತ ಕವರ್ 2ನ್ನೇ ಮುಂದೆ ಟ್ಯಾಂಪಾ ಬೇ ತಂಡದಲ್ಲಿ ಮಾಂಟಿ ಕಿಫಿನ್ ಜೊತೆ ತಿದ್ದಿ ಬೆಳೆಸಿದ. ನಡುವಿನ ಲೈನ್‌ಬ್ಯಾಕರ್ ಹಿಂದಕ್ಕೆ ಓಡಿ ಇಬ್ಬರು ಸೇಫ್ಟಿಗಳ ಮಧ್ಯದ ಬಿರುಕು ಮುಚ್ಚಬೇಕು. ಅದೇ ಟ್ಯಾಂಪಾ 2. ಕಾಲೇಜು ಮೈದಾನಗಳಲ್ಲೂ ಅದನ್ನ ಕಲಿಸಿದ್ರು. 2007ರಲ್ಲಿ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಮುಖ್ಯ ಕೋಚ್ ಈತನೇ.

ಆದ್ರೆ ಒಬ್ಬ ಗೆದ್ದ ಮಾತ್ರಕ್ಕೆ ಬಾಗಿಲು ತೆರೆಯಲ್ಲ. ಬಿಳಿಯರ ಕಾಲೇಜುಗಳು ಬೇಡ ಅಂದ ಕಾಲದಲ್ಲಿ ಕಪ್ಪು ಜನರ ಕಾಲೇಜುಗಳೇ ತಮ್ಮ ಆಟ ಕಟ್ಟಿದ್ವು. ಗ್ರ್ಯಾಂಬ್ಲಿಂಗ್‌ನಲ್ಲಿ ಎಡ್ಡಿ ರಾಬಿನ್ಸನ್ 1941ರಿಂದ 1997ರವರೆಗೆ ಕೋಚ್ ಆಗಿ 408 ಪಂದ್ಯ ಗೆದ್ರು. ಆದರೂ ಕಾಲೇಜು ಆಟದ ಅತಿ ಮೇಲಿನ ಹಂತಕ್ಕೆ ಮೊದಲ ಕಪ್ಪು ಮುಖ್ಯ ಕೋಚ್ ಬಂದಿದ್ದು 1979ರಲ್ಲಿ, ವಿಚಿಟಾ ಸ್ಟೇಟ್‌ಗೆ, ವಿಲ್ಲೀ ಜೆಫ್ರೀಸ್. ದಕ್ಷಿಣದ ದೊಡ್ಡ ತಂಡಗಳ ಕೂಟವಾದ ಎಸ್‌ಇಸಿಯಲ್ಲಿ ಸಿಲ್ವೆಸ್ಟರ್ ಕ್ರೂಮ್ ಕೋಚ್ ಆಗಿ ಮೈದಾನಕ್ಕಿಳಿದಿದ್ದು 2004ರಲ್ಲಿ. ಅಷ್ಟು ಹೊತ್ತಿಗೆ ಆ ಕೂಟಕ್ಕೆ 70 ವರ್ಷ ದಾಟಿತ್ತು. ರಾಷ್ಟ್ರೀಯ ಫೈನಲ್‌ಗೆ ಮೊದಲ ಬಾರಿ ಒಬ್ಬ ಕಪ್ಪು ಮುಖ್ಯ ಕೋಚ್, ನೋಟರ್‌ಡೇಮ್‌ನ ಮಾರ್ಕಸ್ ಫ್ರೀಮನ್, ತಂಡ ಕರ್ಕೊಂಡು ಬಂದಿದ್ದು 2025ರ ಜನವರಿಯಲ್ಲಿ. ಅಷ್ಟರವರೆಗೆ ಓಡಿದವರು ಯಾರು, ಗುದ್ದಿಸಿಕೊಂಡವರು ಯಾರು ಅಂತ ಹೇಳಬೇಕಾ?

ನನ್ನ ಆ ಗೆಳೆಯನೂ ಹೈಸ್ಕೂಲಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನು. ಕಾಲೇಜಿಗೆ ಬಂದ ಮೇಲೆ "ನಿನ್ನ ಕಾಲು ಚೆನ್ನಾಗಿದೆ" ಅಂತ ಅಂಚಿಗೆ ಕಳಿಸಿದ್ರಂತೆ. "ನನ್ನ ಕಾಲನ್ನ ಎಲ್ಲರೂ ಹೊಗಳಿದ್ರು, ನಾನು ಏನು ನೋಡ್ತೀನಿ ಅಂತ ಯಾರೂ ಕೇಳ್ಲಿಲ್ಲ" ಅಂದ. ಆ ಮಾತು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಓದಿದ ಶಾಲೆಯಲ್ಲಿ ಬೆಂಚು ಹೊರೋಕೆ ನಮ್ಮ ಕೇರಿ ಹುಡುಗರ ಹೆಸರು ಮೊದಲು ಬರ್ತಿತ್ತು. ಬೋರ್ಡ್ ಮೇಲೆ ಲೆಕ್ಕ ಮಾಡೋಕೆ ಬರ್ತಿರಲಿಲ್ಲ. ಜಾತಿ ಬರೀ ಕೆಲಸವನ್ನಲ್ಲ, ಕೆಲಸ ಮಾಡುವವರನ್ನೇ ಮೇಲು ಕೀಳು ಅಂತ ವಿಂಗಡಿಸುತ್ತೆ ಅನ್ನೋದನ್ನ ಬಾಬಾಸಾಹೇಬರು 1936ರಲ್ಲೇ ಬಿಡಿಸಿಟ್ಟರು. 1946ರಲ್ಲಿ ಅವರು ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದು ಸುಮ್ಮನೆ ಅಲ್ಲ. ನೋವಿನ ನೆಂಟಸ್ತನ ಅದು.

ಇದನ್ನ ನಮ್ಮ ಸಂಘಟನೆಗಳಿಗೂ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಜಾಥಾಕ್ಕೆ ಜನ ನಮ್ಮವರು, ತಮಟೆ ನಮ್ಮದು, ಲಾಠಿ ಏಟು ನಮ್ಮ ಬೆನ್ನಿಗೆ. ಬೇಡಿಕೆ ಪತ್ರ ಬರೆಯೋಕೆ, ಪ್ರೆಸ್‌ಮೀಟಲ್ಲಿ ಮಾತಾಡೋಕೆ ಮಾತ್ರ ಬೇರೆಯವರು ಬರಬೇಕು. ನಮ್ಮೊಳಗೂ ಹಾಗೇ: ನಾಲ್ಕು ಗಂಡಸರು ತೀರ್ಮಾನ ಮಾಡ್ತಾರೆ, ಹೆಣ್ಮಕ್ಕಳು ಬಂದು ಕೂರ್ತಾರೆ. ಹಾಗಿದ್ದರೆ ನಾಳೆ ಪೊಲೀಸರು ಆ ನಾಲ್ವರನ್ನ ಎತ್ತಾಕ್ಕೊಂಡು ಹೋದ್ರೆ ಉಳಿದವರು ಏನು ಮಾಡಬೇಕು?

ಕವರೇಜ್ ಹೇಳೋ ಪಾಠ ಅದೇ. ಒಬ್ಬನಿಗೆ ಮಾತ್ರ ಪೂರ್ತಿ ಚಿತ್ರ ಗೊತ್ತಿದ್ರೆ ತಂಡ ಸೋಲುತ್ತೆ. ಅಂಚಲ್ಲಿ ನಿಂತವನಿಗೂ ನಡುವಿನವನಿಗೆ ಗೊತ್ತಿರೋದೆಲ್ಲ ಗೊತ್ತಿರಬೇಕು.

ಆದ್ದರಿಂದ ಮುಂದಿನ ಅಧ್ಯಯನ ಶಿಬಿರದಲ್ಲಿ ಒಂದು ಕೆಲಸ ಮಾಡಿ. ಭಾಷಣ ಅರ್ಧಕ್ಕೆ ನಿಲ್ಲಿಸಿ, ಹಿಂದಿನ ಸಾಲಲ್ಲಿ ಕೂತ ಹುಡುಗಿಯನ್ನ ಕರೆದು ಸೀಮೆಸುಣ್ಣ ಕೊಡಿ. ಅವಳಿಗೆ ಏನು ಕಾಣ್ತಿದೆ ಅಂತ ಕೇಳಿ.

ಜೈ ಭೀಮ್.